ನೆರೆ ಇಳಿದ ಮೇಲೆ ನಗರ ಮಾಡುವುದೇನು?
(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಇಲ್ಲವೇ ಬೊಜ್ಜಿನ ವಿಷಯ ಮಾತನಾಡುವುದು ವಾಡಿಕೆ. ಊಟದ ಪಂಕ್ತಿ ಏಳುವ ಮುನ್ನವೇ ಹೋಳಿಗೆಯ ಬಗೆಗೆ ಸಭಿಕರಲ್ಲಿ ಭಯ ಹುಟ್ಟಿಸುವ ಆ ಕಾರ್ಯವನ್ನು ಈ ಬಾರಿ ಬದಿಗಿಟ್ಟು, ನಾವು ನೆರೆಯ ವಿಷಯವನ್ನು ಆರಿಸಿಕೊಂಡಿದ್ದೇವೆ. ಒಂದು ನಗರಕ್ಕೆ ನೀರು ನುಗ್ಗಿ ಇಳಿದ ಮೇಲೆ ಆ ನಗರದ ಜನ, ಅಧಿಕಾರಿಗಳು, ಎಂಜಿನಿಯರುಗಳು ಏನು ಮಾಡುತ್ತಾರೆ, ಹತ್ತು ವರ್ಷಗಳ ಅನಂತರ ಅದರಲ್ಲಿ ಎಷ್ಟು ಉಳಿದಿರುತ್ತದೆ ಎಂಬುದೇ ನಮ್ಮ ವಿಷಯ. ಮರುಭೂಮಿಯಲ್ಲಿ ಕುಳಿತು ನೆರೆಯ ಮಾತೇಕೆ ಎಂದು ಕೆಲವು ವರ್ಷಗಳ ಹಿಂದಾಗಿದ್ದರೆ ನೀವು ಕೇಳುತ್ತಿದ್ದಿರಿ. ಈಗ ಕೇಳಲಾರಿರಿ.

2024ರ ಏಪ್ರಿಲ್ 16ರ ಮಂಗಳವಾರ ಈ ನಾಡಿನಲ್ಲಿ ಸುರಿದ ಮಳೆ, ಇಲ್ಲಿ ಮಳೆಯ ದಾಖಲೆ ಇಡಲು ಆರಂಭಿಸಿದ 1949ರಿಂದೀಚೆಗೆ ಕಂಡರಿಯದಷ್ಟು ದೊಡ್ಡದು. ಅಲ್ ಐನ್ ಪ್ರಾಂತ್ಯದ ಖತ್ಮ್ ಅಲ್ ಶಕ್ಲಾ ಎಂಬಲ್ಲಿ 24 ಗಂಟೆಗಳೊಳಗೆ 254 ಮಿ.ಮೀ. ಮಳೆಯಾಯಿತು. ದುಬೈ ವಿಮಾನ ನಿಲ್ದಾಣದಲ್ಲಿ 142 ಮಿ.ಮೀ.ಗೂ ಮೀರಿ ಸುರಿಯಿತು. ಅಲ್ಲಿಯ ಇಡೀ ವರ್ಷದ ಸರಾಸರಿಯೇ ಸುಮಾರು 95 ಮಿ.ಮೀ. ಎರಡು ಸಾವಿರಕ್ಕೂ ಹೆಚ್ಚು ವಿಮಾನಯಾನಗಳು ರದ್ದಾದವು. ಮೆಟ್ರೋ ರೈಲಿನ ಕೆಲವು ನಿಲ್ದಾಣಗಳು ಮತ್ತೆ ತೆರೆಯಲು ಮೇ ತಿಂಗಳು ಬರಬೇಕಾಯಿತು. ದೇಶದಲ್ಲಿ ನಾಲ್ವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಇಬ್ಬರು ನೀರಿನಲ್ಲಿ ಸಿಲುಕಿದ ತಮ್ಮ ವಾಹನದೊಳಗೇ ಉಸಿರುಕಟ್ಟಿ ಸತ್ತವರು. ನೆರೆಯ ಒಮಾನಿನಲ್ಲಿ ಅದೇ ಮಳೆಯ ಸರಣಿಗೆ ಶಾಲಾಮಕ್ಕಳೂ ಬಲಿಯಾದರು. ಶಾರ್ಜಾದ ಅಲ್ ಮಜಾಜ್, ಅಲ್ ಕಾಸಿಮಿಯಾ ಕಡೆಗಳಲ್ಲಿ ವಾಸಿಸುವ ಬಂಧುಗಳಿಗೆ ನೀರು ಎಷ್ಟು ದಿನ ನಿಂತಿತೆಂದು ನಾವು ಹೇಳಬೇಕಾಗಿಲ್ಲ.

ಆಗುಂಬೆಯಲ್ಲಿ ಆಷಾಢದ ಒಂದು ದಿನ ಇಷ್ಟೇ ಮಳೆ ಬಂದರೆ ಅದರ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಹಾಗಾದರೆ ಇಲ್ಲಿ ಅನಾಹುತವಾದದ್ದೇಕೆ? ನಮ್ಮ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡಬಹುದು. ಆರೋಗ್ಯವಂತನ ರಕ್ತನಾಳಕ್ಕೆ ಒಂದು ಲೀಟರ್ ಸಲೈನ್ ಹಾಕಿದರೆ ಅವನ ಮೂತ್ರಪಿಂಡಗಳು ಅದನ್ನು ಸಲೀಸಾಗಿ ಹೊರಹಾಕುತ್ತವೆ. ಅದೇ ಒಂದು ಲೀಟರ್, ಹೃದಯ ಸೋತ ರೋಗಿಯ ಶ್ವಾಸಕೋಶಗಳನ್ನು ತುಂಬಿ ಅವನನ್ನು ಮಲಗಿದಲ್ಲೇ ಮುಳುಗಿಸುತ್ತದೆ. ದ್ರವದ ಪ್ರಮಾಣವೊಂದನ್ನೇ ನೋಡಿ ವೈದ್ಯನು ಏನನ್ನೂ ನಿರ್ಧರಿಸಲಾರ. ಹೊರಹೋಗುವ ದಾರಿ ಹೇಗಿದೆಯೆಂದು ನೋಡಬೇಕು. ದುಬೈ, ಅಬುಧಾಬಿಗಳ ಕರಾವಳಿ ಚಪ್ಪಟೆಯಾದದ್ದು. ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರು ಎತ್ತರ. ಸಬ್ಖಾ ಎಂದು ಕರೆಯುವ ಉಪ್ಪುನೆಲದ ಸ್ವಲ್ಪವೇ ಕೆಳಗೆ ಅಂತರ್ಜಲವಿರುವುದರಿಂದ ನೆಲ ಬೇಗನೆ ತುಂಬಿಹೋಗುತ್ತದೆ. ಇಳಿಜಾರಿಲ್ಲದ ಕಡೆ ಚರಂಡಿ ತನ್ನಷ್ಟಕ್ಕೆ ಹರಿಯದು, ಪಂಪಿನಿಂದ ಎತ್ತಬೇಕು. ವರ್ಷಕ್ಕೆ ನಾಲ್ಕಾರು ದಿನ ಮಾತ್ರ ಮಳೆ ಕಾಣುವ ಊರಿನಲ್ಲಿ ಪ್ರತಿಯೊಂದು ರಸ್ತೆಗೂ ದೊಡ್ಡ ಮೋರಿ ಕಟ್ಟಿಸುವುದು ಹಣ ಪೋಲು ಎಂದು ಲೆಕ್ಕ ಹಾಕಿದವರನ್ನು ಅಂದಿನ ಮಟ್ಟಿಗೆ ತಪ್ಪೆನ್ನಲಾಗದು.

ಆ ವಾರವೆಲ್ಲ ನಮ್ಮವರ ವಾಟ್ಸಾಪ್ ಬಳಗಗಳಲ್ಲಿ ಚರ್ಚೆಯಾದದ್ದು ಮೋಡ ಬಿತ್ತನೆಯ ವಿಷಯ. ಆ ಚಂಡಮಾರುತದ ವೇಳೆ ತಾನು ಬಿತ್ತನೆ ನಡೆಸಿಲ್ಲವೆಂದು ಇಲ್ಲಿಯ ಹವಾಮಾನ ಕೇಂದ್ರ ತಿಳಿಸಿತು. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಬಳಗದ ವಿಜ್ಞಾನಿಗಳು ಅದೇ ತಿಂಗಳು ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಎಲ್ ನಿನೋ ವರ್ಷಗಳಲ್ಲಿ ಈ ಪ್ರದೇಶದ ಅತಿವೃಷ್ಟಿಯ ತೀವ್ರತೆ ಹಿಂದಿನ ತಂಪು ಹವಾಮಾನದ ಕಾಲಕ್ಕಿಂತ ಶೇಕಡಾ 10ರಿಂದ 40ರಷ್ಟು ಹೆಚ್ಚಿದೆ. ಮೋಡ ಬಿತ್ತಿದವರು ಯಾರೆಂಬ ಚರ್ಚೆಯ ಗದ್ದಲದಲ್ಲಿ, ಮುಂದೇನು ಎಂಬ ಚರ್ಚೆ ನಮ್ಮಲ್ಲಿ ನಡೆಯಲೇ ಇಲ್ಲ. ಅದಕ್ಕೆ ಉತ್ತರ ಹುಡುಕಬೇಕಾದರೆ ಒಂದು ಮಹಾಪೂರವನ್ನು ಕಂಡು, ಚಿಕಿತ್ಸೆ ಪಡೆದು, ಆಮೇಲೆ ನೂರು ವರ್ಷ ಬದುಕಿದ ನಗರವೊಂದು ಬೇಕು. ಅಂಥ ನಗರ ಹೈದರಾಬಾದು.

ಹೈದರಾಬಾದು ನಮಗೆ ಪರಕೀಯವಲ್ಲ. ಈ ಸಭೆಯಲ್ಲಿರುವ ಕಲಬುರಗಿ, ಬೀದರ, ರಾಯಚೂರು ಕಡೆಯವರ ಅಜ್ಜಂದಿರಿಗೆ ಅದೇ ರಾಜಧಾನಿಯಾಗಿತ್ತು. 1956ರ ಏಕೀಕರಣದವರೆಗೂ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಅಷ್ಟಲ್ಲದೆ, ಆ ನಗರದ ನೆರೆಗೆ ಔಷಧ ಬರೆದುಕೊಟ್ಟವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಕನ್ನಡಿಗರು.

1908ರ ಸೆಪ್ಟೆಂಬರ್ 28. ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತದಿಂದ ಮೂಸಿ ನದಿಯ ಜಲಾನಯನ ಪ್ರದೇಶದಲ್ಲೆಲ್ಲ ಎಡೆಬಿಡದೆ ಮಳೆ ಸುರಿದಿತ್ತು. ನಗರದ ಸಮೀಪದ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, ಎಂದರೆ ಸುಮಾರು 325 ಮಿ.ಮೀ. ಮಳೆ ದಾಖಲಾಯಿತು. ಮೇಲುಭಾಗದಲ್ಲಿ ಚದರ ಮೈಲಿಗೆ ಹೆಚ್ಚುಕಡಿಮೆ ಒಂದರಂತೆ 788 ಕೆರೆಗಳಿದ್ದವು. ನಮ್ಮ ಬಯಲುಸೀಮೆಯ ಕೆರೆಗಳಂತೆ ಇವೂ ಸರಪಳಿಯ ಕೆರೆಗಳು. ಒಂದು ಕೋಡಿ ಹರಿದರೆ ಆ ನೀರು ಮುಂದಿನದಕ್ಕೆ ಸೇರುತ್ತದೆ. ಬರಗಾಲದಲ್ಲಿ ಇದು ವರದಾನ. ಆದರೆ ಅತಿವೃಷ್ಟಿಯ ರಾತ್ರಿ ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನದೂ ಒಡೆಯುತ್ತದೆ, ಅದರ ಕೆಳಗಿನದೂ ಒಡೆಯುತ್ತದೆ. ಆ ಎರಡು ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಹೀಗೆ ಒಡೆದವು. ಅಷ್ಟೂ ನೀರು ಹೈದರಾಬಾದಿನ ನಡುಮಧ್ಯದಲ್ಲಿ ಹರಿಯುವ ನದಿಗೆ ಬಂದಿತು.

ಸುಮಾರು 19,000 ಮನೆಗಳು ಕುಸಿದವು. 80,000 ಜನ ನಿರ್ವಸಿತರಾದರು. ಸತ್ತವರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ಹದಿನೈದು ಸಾವಿರವೆಂಬುದು ಸಾಮಾನ್ಯವಾಗಿ ಉಲ್ಲೇಖಗೊಳ್ಳುವ ಅಂದಾಜು. 1578ರಲ್ಲಿ ಕುತುಬ್‌ಶಾಹಿಗಳು ಕಟ್ಟಿಸಿದ ಪುರಾನಾ ಪುಲ್ ಸೇತುವೆ ನಿಂತಿತು, ಅದಕ್ಕಿಂತ ಹೊಸ ಸೇತುವೆಗಳು ನಿಲ್ಲಲಿಲ್ಲ. ನದೀತೀರದ ಅಫ್ಜಲ್‌ಗಂಜ್ ಆಸ್ಪತ್ರೆ ನಾಶವಾಯಿತು. ಆ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಿಸೆಮರವಿತ್ತು. ಅದರ ಕೊಂಬೆಗಳನ್ನೇರಿ ಕುಳಿತ ಸುಮಾರು 150 ಮಂದಿ ಬದುಕಿಕೊಂಡರು. ಆ ಮರ ಮುಂದೆಯೂ ಉಳಿಯಿತು. ಬಳಿಯಲ್ಲಿ ಫಲಕವನ್ನೂ ನೆಟ್ಟರು. ಆಸ್ಪತ್ರೆಯ ಗೋಡೆ ಕಾಪಾಡಲಾಗದವರನ್ನು ಮರ ಕಾಪಾಡಿತೆಂಬುದನ್ನು ನೆನೆದಾಗ ವೈದ್ಯರಾದ ನಮಗೆ ಒಂದು ಬಗೆಯ ಸಂಕೋಚವೇ ಆಗುತ್ತದೆ.

ಆಗ ಆಳುತ್ತಿದ್ದವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್. ದಿವಾನರು ಮಹಾರಾಜಾ ಕಿಶನ್ ಪರ್ಷಾದ್. ಅರಮನೆಗಳ ಬಾಗಿಲು ನಿರಾಶ್ರಿತರಿಗೆ ತೆರೆಯಿತು, ಗಂಜಿ ಕೇಂದ್ರಗಳು ನಡೆದವು. ಹಿಂದೂ ಸಂಪ್ರದಾಯದಂತೆ ನಿಜಾಮರು ನದಿಗೆ ಇಳಿದು ಆರತಿ ಎತ್ತಿ ಬಾಗಿನ ಅರ್ಪಿಸಿದರೆಂಬ ಕಥೆ ಹೈದರಾಬಾದಿನ ಜನರ ಬಾಯಲ್ಲಿ ಬಹುಕಾಲದಿಂದ ಇದೆ. ಸರೋಜಿನಿ ನಾಯ್ಡು ಅವರು ಪರಿಹಾರ ಕಾರ್ಯದಲ್ಲಿ ದುಡಿದರು. ಆ ಸೇವೆಗಾಗಿ ಬ್ರಿಟಿಷ್ ಸರಕಾರ ಕೈಸರ್-ಎ-ಹಿಂದ್ ಪದಕ ನೀಡಿತು, ಜಲಿಯನ್‌ವಾಲಾ ಬಾಗ್ ದುರಂತದ ಅನಂತರ ಅವರು ಅದನ್ನು ಹಿಂತಿರುಗಿಸಿದರು. ಗಂಜಿ ಕೇಂದ್ರವನ್ನು ದಾನಧರ್ಮದ ಸಾಲಿಗೆ ಸೇರಿಸಿ ಸುಮ್ಮನಾಗುವುದು ನಮ್ಮ ಅಭ್ಯಾಸ. ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಅದು ಚಿಕಿತ್ಸೆಯೇ. ಕುದಿಸಿದ ನೀರಿನಲ್ಲಿ ಬೆಂದ ಬಿಸಿ ಗಂಜಿ, ನೆರೆಯ ಅನಂತರದ ವಾರದಲ್ಲಿ ಕಾಲರಾ ಮತ್ತು ರಕ್ತಭೇದಿಯನ್ನು ತಡೆಯಲು ಅಂದು ಲಭ್ಯವಿದ್ದ ಅತ್ಯುತ್ತಮ ಸಾಧನವಾಗಿತ್ತು.

ಅನ್ನ ಹಾಕುವ ಕೆಲಸ ಎಲ್ಲ ನಗರಗಳಲ್ಲೂ ನಡೆಯುತ್ತದೆ. ಹೈದರಾಬಾದು ಅಲ್ಲಿಗೇ ನಿಲ್ಲಲಿಲ್ಲ. ಮುಂಬಯಿ ಸರಕಾರದ ಸೇವೆಯಿಂದ ಹೊರಬಂದು ವಿದೇಶ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಅದು ಕರೆಸಿಕೊಂಡಿತು. ಇಲ್ಲೊಂದು ಸಣ್ಣ ಮಾತು ಸೇರಿಸಬೇಕು. ವಿಶ್ವೇಶ್ವರಯ್ಯನವರು ಅದಕ್ಕೆ ಮುನ್ನ, 1906ರಲ್ಲಿ, ಏಡನ್ ನಗರದ ನೀರು ಸರಬರಾಜು ಮತ್ತು ಚರಂಡಿಯ ಯೋಜನೆಗಾಗಿ ಅಲ್ಲಿಗೆ ಹೋಗಿದ್ದರು. ಅರಬ್ಬೀ ನೆಲದ ನೀರಿನ ಸಮಸ್ಯೆಯನ್ನು ಕೈಗೆತ್ತಿಕೊಂಡ ಕನ್ನಡಿಗರಲ್ಲಿ ನಾವು ಮೊದಲಿಗರೇನಲ್ಲ.

1909ರ ಏಪ್ರಿಲ್ 15ರಂದು ಅವರು ಹೈದರಾಬಾದಿನಲ್ಲಿ ಕೆಲಸ ಆರಂಭಿಸಿ, ಅಕ್ಟೋಬರ್ 1ಕ್ಕೆ ವರದಿ ಒಪ್ಪಿಸಿದರು. ಐದೂವರೆ ತಿಂಗಳು! ಇಂದಿನ ಆಯೋಗಗಳಿಗೆ ಕಚೇರಿಯ ಮೇಜು ಕುರ್ಚಿ ಬರಲು ಅಷ್ಟು ಕಾಲ ಹಿಡಿಯುತ್ತದೆ. ಅವರು ಮೊದಲು ಮಾಡಿದ್ದು ರೋಗನಿರ್ಣಯ. ಮಳೆ ಎಲ್ಲಿ ಎಷ್ಟು ಬಿದ್ದಿತು, ಯಾವ ಕೆರೆ ಒಡೆಯಿತು, ನಗರದಲ್ಲಿ ನೀರು ಎಷ್ಟು ಎತ್ತರ ಏರಿತು ಎಂಬುದನ್ನೆಲ್ಲ ಒಟ್ಟುಗೂಡಿಸಿ, ನದಿಯಲ್ಲಿ ಸೆಕೆಂಡಿಗೆ 4,25,000 ಘನ ಅಡಿಯಷ್ಟು ನೀರು ಹರಿದಿತ್ತೆಂದು ಲೆಕ್ಕ ಹಾಕಿದರು. ಅಷ್ಟು ನೀರನ್ನು ನಗರದೊಳಗಿನ ಪಾತ್ರ ಯಾವ ಕಾಲಕ್ಕೂ ಹೊರಲಾರದು. ದಂಡೆಗೆ ಗೋಡೆ ಎತ್ತರಿಸಿದರೆ ಸಾಕೆಂಬುದು ಜನಸಾಮಾನ್ಯರ ಎಣಿಕೆ. ಅವರು ದಂಡೆಯನ್ನೂ ಎತ್ತರಿಸಲು ಹೇಳಿದರು. ಆದರೆ ಮುಖ್ಯ ಉಪಾಯವನ್ನು ನಗರದಿಂದ ಹಲವು ಮೈಲಿ ಮೇಲಕ್ಕೆ, ಮೂಸಿ ಮತ್ತು ಅದರ ಉಪನದಿ ಈಸಿಯ ಮೇಲೆ ಇಟ್ಟರು. ಅಲ್ಲಿ ಎರಡು ಜಲಾಶಯಗಳನ್ನು ಕಟ್ಟಿ, ಪ್ರವಾಹದ ಉಬ್ಬರವನ್ನು ಅವುಗಳಲ್ಲಿ ಹಿಡಿದಿಟ್ಟು, ನದಿ ತಾಳಿಕೊಳ್ಳುವಷ್ಟನ್ನು ಮಾತ್ರ ಕೆಳಗೆ ಬಿಡುವುದು ಅವರ ಯೋಜನೆ. ಹನಿಹನಿಯಾಗಿ ಸಲೈನ್ ಬಿಡುವ ವಿಧಾನವನ್ನು ನದಿಗೆ ಅನ್ವಯಿಸಿದಂತೆ. ಆ ಮೇರೆಗೆ ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಮುಗಿದವು. ನಗರಕ್ಕೆ ಕುಡಿಯುವ ನೀರೂ ಅವುಗಳಿಂದಲೇ ಬಂದಿತು.

ನದೀತೀರವನ್ನು ಉದ್ಯಾನ ಹಾಗೂ ರಸ್ತೆಗಳಿಗೆ ಬಿಡಬೇಕು, ನಗರಕ್ಕೆ ಒಳಚರಂಡಿ ಬೇಕು ಎಂದೂ ಅವರು ಸೂಚಿಸಿದ್ದರು. 1911ರಲ್ಲಿ ಪಟ್ಟಕ್ಕೆ ಬಂದ ಏಳನೆಯ ನಿಜಾಮರು 1912ರಲ್ಲಿ ನಗರ ಸುಧಾರಣಾ ಮಂಡಳಿಯನ್ನು ಸ್ಥಾಪಿಸಿದರು. ಇಕ್ಕಟ್ಟಿನ ಓಣಿಗಳನ್ನು ಅಗಲಿಸುವುದು, ಕೊಳೆಗೇರಿಗಳನ್ನು ತೆರವುಗೊಳಿಸಿ ಹೊಸ ಮನೆ ಕಟ್ಟುವುದು ಅದರ ಕೆಲಸವಾಯಿತು. ಹೈಕೋರ್ಟು, ಸಿಟಿ ಕಾಲೇಜು, ಉಸ್ಮಾನಿಯಾ ಆಸ್ಪತ್ರೆಗಳು ನದಿಯ ಇಬ್ಬದಿಗಳಲ್ಲಿ ತಲೆಯೆತ್ತಿದ್ದು ಈ ಕಾಲದಲ್ಲಿ. ನದಿಯ ಅಂಚು ಹಸನಾಯಿತು, ನಿಜ. ಅಲ್ಲಿಂದ ಎಬ್ಬಿಸಲ್ಪಟ್ಟವರಲ್ಲಿ ಹೊಸ ಮನೆಯ ಬಾಡಿಗೆ ಕೊಡಲು ಶಕ್ತರಾದವರು ಎಷ್ಟು ಮಂದಿಯೆಂದು ಕೇಳುವ ಹಕ್ಕು ಚರಿತ್ರೆ ಓದುವವನಿಗೆ ಇದೆ.

ಇಲ್ಲಿಯವರೆಗಿನದು ಯಶಸ್ಸಿನ ಕಥೆ. ಶಾಲೆಯ ಪಠ್ಯಗಳಲ್ಲಿ ಅದು ಇಲ್ಲಿಗೇ ನಿಲ್ಲುತ್ತದೆ. ಮುಂದಿನ ಭಾಗವೇ ನಮಗೆ ಹೆಚ್ಚು ಬೇಕಾದದ್ದು.

ಜಲಾಶಯಕ್ಕೆ ಎರಡು ಕೆಲಸ ವಹಿಸಿದರೆ ಅವು ಒಂದರೊಡನೊಂದು ಜಗಳವಾಡುತ್ತವೆ. ಪ್ರವಾಹ ತಡೆಯಬೇಕಾದರೆ ಮಳೆಗಾಲದಲ್ಲಿ ಅದರ ಒಂದು ಭಾಗ ಖಾಲಿ ಇರಬೇಕು. ಕುಡಿಯುವ ನೀರಿಗಾದರೋ ತುಂಬಿದಷ್ಟೂ ಒಳ್ಳೆಯದು. ನೆರೆಯ ನೆನಪು ಹಸಿಯಾಗಿರುವವರೆಗೆ ಖಾಲಿ ಜಾಗಕ್ಕೆ ಬೆಲೆಯಿರುತ್ತದೆ, ನೆನಪು ಮಾಸಿದಂತೆ ಅದು ವ್ಯರ್ಥವಾಗಿ ತೋರುತ್ತದೆ. ಇದೇ ಮಾತು ನದಿಯ ಪಾತ್ರಕ್ಕೂ ಕೆರೆಯಂಗಳಕ್ಕೂ ನಾಲೆಗಳಿಗೂ ಸಲ್ಲುತ್ತದೆ. ಹತ್ತು ವರ್ಷ ನೀರು ಬಾರದ ಕೆರೆ ನಕ್ಷೆಯಲ್ಲಿ ನಿವೇಶನವಾಗುತ್ತದೆ. ಜಲಾಶಯಗಳ ಸುತ್ತಲಿನ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ದೊಡ್ಡ ಕಟ್ಟಡ, ಕಾರ್ಖಾನೆ, ಬಡಾವಣೆಗಳು ಬಾರದಂತೆ 1996ರಲ್ಲಿ 111ನೆಯ ಸರಕಾರಿ ಆದೇಶ ಹೊರಟಿತು. 2022ರಲ್ಲಿ ಆ ನಿರ್ಬಂಧಗಳನ್ನು ಸಡಿಲಿಸಲಾಯಿತು. 2000ದ ಆಗಸ್ಟ್ 24ರಂದು ನಗರದಲ್ಲಿ ಒಂದೇ ದಿನ ಸುಮಾರು 24 ಸೆಂ.ಮೀ. ಮಳೆ ಬಿದ್ದಿತು. ಆಗ ಮುಳುಗಿಸಿದ್ದು ನದಿಗಿಂತ ಹೆಚ್ಚಾಗಿ ಒತ್ತುವರಿಯಾದ ನಾಲೆಗಳು. ಅವನ್ನು ಅಗಲಿಸಬೇಕೆಂದು ತಜ್ಞರ ವರದಿ ಬಂದಿತು, ಕೆಲಸ ಅರೆಬರೆಯಾಯಿತು.

2020ರ ಅಕ್ಟೋಬರ್ 13ರಂದು ಮತ್ತೆ ಮಳೆ. ಹೊರವಲಯದ ಘಟ್ಕೇಸರದಲ್ಲಿ 32 ಸೆಂ.ಮೀ. ಬಿದ್ದಿತು, 1908ರ ಶಂಷಾಬಾದಿನ ಅಳತೆಗೆ ಬಹುತೇಕ ಸಮ. ತೆಲಂಗಾಣದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೆರೆಗಳು ಒಡೆದು ಹಳೇ ನಗರದ ಅಂಚಿನ ಬಡಾವಣೆಗಳು ಮುಳುಗಿದವು. ಅವುಗಳಲ್ಲೊಂದರ ಹೆಸರು ಅಲ್ ಜುಬೈಲ್ ಕಾಲೊನಿ. ಸೌದಿ ಅರೇಬಿಯಾದ ಜುಬೈಲ್ ಪಟ್ಟಣವನ್ನು ಬಲ್ಲ ನಮಗೆ ಆ ಹೆಸರು ಪತ್ರಿಕೆಯಲ್ಲಿ ಕಂಡಾಗ ಎದೆ ಧಸಕ್ಕೆಂದಿತು. ಕೊಲ್ಲಿಯ ಸಂಪಾದನೆಯಿಂದ ಊರಿನಲ್ಲಿ ನಿವೇಶನ ಕೊಳ್ಳುವಾಗ ನಾವೆಲ್ಲ ನೋಡುವುದು ಖಾತಾ, ಪತ್ರ, ರಸ್ತೆಯ ಅಗಲ. ಆ ಜಾಗದ ಹಳೆಯ ಹೆಸರಿನಲ್ಲಿ ‘ಕೆರೆ’ ಎಂಬ ಅಕ್ಷರಗಳಿದ್ದವೇ ಎಂದು ಕೇಳುವವರು ವಿರಳ. ಬೆಂಗಳೂರಿನಲ್ಲಿ ಮನೆ ಕೊಂಡಿರುವ ಬಂಧುಗಳಿಗೆ 2022ರ ಸೆಪ್ಟೆಂಬರಿನಲ್ಲಿ ಈ ಪ್ರಶ್ನೆಯ ಅರ್ಥ ತಿಳಿದಿರಬೇಕು.

ಉಸ್ಮಾನಿಯಾ ಆಸ್ಪತ್ರೆಯ ಹಳೆಯ ಕಟ್ಟಡದ ವಾರ್ಡುಗಳಿಗೆ 2020ರ ಜುಲೈನಲ್ಲಿ ಮಳೆನೀರು ನುಗ್ಗಿ, ಮಂಚಗಳ ಮೇಲೆ ರೋಗಿಗಳು, ಕೆಳಗೆ ಕೊಳಚೆ ನೀರು ಎಂಬ ಸ್ಥಿತಿಯಾಯಿತು. ಹುಣಿಸೆಮರದ ಆವರಣವೇ ಅದು. ಇನ್ನು 2025ರ ಸೆಪ್ಟೆಂಬರ್ 26ರ ರಾತ್ರಿ ಜಲಾಶಯಗಳ ಗೇಟುಗಳನ್ನು ತೆರೆದಾಗ ಮೂಸಿಯ ನೀರು ನದಿಯ ನಡುವಿನ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದೊಳಕ್ಕೆ ಹರಿದು ಪ್ರಯಾಣಿಕರು ಸಿಲುಕಿದರು. 1908ರ ಮಹಾಪೂರಕ್ಕೆ 117 ವರ್ಷ ತುಂಬಲು ಎರಡೇ ದಿನ ಉಳಿದಿತ್ತು. ವಿಶ್ವೇಶ್ವರಯ್ಯನವರ ಔಷಧ ಕೆಲಸ ಮಾಡಲಿಲ್ಲವೇ? ಮಾಡಿತು. 1908ರಂಥ ಸಾವುನೋವು ಆ ಊರಿನಲ್ಲಿ ಮರುಕಳಿಸಿಲ್ಲ. ಔಷಧದ ಜತೆ ಬರೆದಿದ್ದ ಪಥ್ಯವನ್ನು ರೋಗಿ ಬಿಟ್ಟನು, ಅಷ್ಟೆ. ನಮ್ಮ ವೃತ್ತಿಯಲ್ಲಿ ಇದು ದಿನನಿತ್ಯದ ಅನುಭವ.

ಪಥ್ಯ ತಪ್ಪದಿರಲು ನೆನಪು ಬೇಕು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಂಟ್ವಾಳದಲ್ಲಿ ನೇತ್ರಾವತಿ ಉಕ್ಕಿದ 1923 ಮತ್ತು 1974ರ ನೆರೆಗಳು ಜನರಿಗೆ ಕಾಲ ಅಳೆಯುವ ಕೋಲಾದವು. 1923ರದನ್ನು ತುಳುವರು ‘ಮಾರಿ ಬೊಳ್ಳ’ ಎಂದೇ ಕರೆದರು. ಇಂಥವರು ಹುಟ್ಟಿದ್ದು ಬೊಳ್ಳದ ಹಿಂದಿನ ವರ್ಷ, ಈ ಮನೆ ಕಟ್ಟಿದ್ದು ಬೊಳ್ಳದ ಅನಂತರ ಎಂದು ಹಿರಿಯರು ಹೇಳುವರು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯಲ್ಲಿ ತೋರಿಸುವರು. ಹಾಗೆ ತೋರಿಸುವ ಬೆರಳು ಇರುವವರೆಗೆ ಆ ಮಟ್ಟಕ್ಕಿಂತ ಕೆಳಗೆ ಯಾರೂ ಅಕ್ಕಿಯ ಮುಡಿ ಇಡುವುದಿಲ್ಲ.

ಈಗ ನಾವು ನೆಲೆಸಿರುವ ನಾಡಿಗೆ ಬರೋಣ. ಇಲ್ಲಿಯ ಆಡಳಿತ ಕೈಕಟ್ಟಿ ಕುಳಿತಿಲ್ಲವೆಂಬುದನ್ನು ಮೊದಲು ಹೇಳಬೇಕು. ವಾದಿಗಳೆಂಬ ಬೆಟ್ಟದ ಹಳ್ಳಗಳಿಗೆ ಅಡ್ಡಲಾಗಿ ಫುಜೈರಾ, ರಾಸ್ ಅಲ್ ಖೈಮಾ ಕಡೆಗಳಲ್ಲಿ 1980ರ ದಶಕದಿಂದಲೇ ಅಣೆಗಳನ್ನು ಕಟ್ಟಲಾಗಿದೆ. ಉಬ್ಬರವನ್ನು ತಡೆದು ನೆಲಕ್ಕೆ ಇಂಗಿಸುವ ಅವುಗಳ ತತ್ವ ಮೂಸಿಯ ಜಲಾಶಯಗಳದಕ್ಕೆ ದೂರದ್ದಲ್ಲ. 2022ರ ಜುಲೈ ಕೊನೆಯಲ್ಲಿ ಫುಜೈರಾ ಬಂದರಿನಲ್ಲಿ 255.2 ಮಿ.ಮೀ. ಮಳೆಯಾಗಿ ಏಳು ಮಂದಿ ಸತ್ತರು. ಎಲ್ಲರೂ ಏಷ್ಯಾ ಮೂಲದವರು. ಮುಂದಿನ ವರ್ಷ ಸಂಚಾರ ನಿಯಮ ಬದಲಾಯಿತು. ಅದರ ಮೇರೆಗೆ ಹರಿಯುವ ವಾದಿಗೆ ವಾಹನ ಇಳಿಸಿದರೆ 2,000 ದಿರ್ಹಂ ದಂಡ, 23 ಕಪ್ಪು ಅಂಕ, 60 ದಿನ ವಾಹನ ಜಪ್ತಿ. ಮಳೆ ಬಂದೊಡನೆ ಹತ್ತಾಗೆ ಕಾರು ಓಡಿಸಿ ಚಿತ್ರ ತೆಗೆದುಕೊಳ್ಳುವ ನಮ್ಮ ತರುಣರು ಇದನ್ನು ಗಮನಿಸಬೇಕು.

ದುಬೈಯಲ್ಲಿ ಎಕ್ಸ್‌ಪೋ ಪ್ರದೇಶ ಮತ್ತು ಅಲ್ ಮಕ್ತೂಮ್ ವಿಮಾನ ನಿಲ್ದಾಣದ ಕಡೆಗೆ 10 ಕಿಲೋಮೀಟರಿಗೂ ಉದ್ದದ, 10 ಮೀಟರ್ ವ್ಯಾಸದ ಆಳ ಸುರಂಗವೊಂದನ್ನು 2024ಕ್ಕೆ ಮೊದಲೇ ಮಳೆನೀರಿಗಾಗಿ ಕೊರೆಯಲಾಗಿತ್ತು. ಏಪ್ರಿಲ್ ಮಳೆಯ ಮರುವಾರ ಕೇಂದ್ರ ಸಂಪುಟ ನಾಗರಿಕರ ಮನೆಗಳ ಹಾನಿಗೆ 200 ಕೋಟಿ ದಿರ್ಹಂ ಮಂಜೂರು ಮಾಡಿತು. ಜೂನ್ 24ರಂದು ದುಬೈಯ ದೊರೆಗಳು ‘ತಸ್ರೀಫ್’ ಯೋಜನೆಗೆ ಒಪ್ಪಿಗೆಯಿತ್ತರು. 3,000 ಕೋಟಿ ದಿರ್ಹಂ ವೆಚ್ಚ. ದಿನಕ್ಕೆ 2 ಕೋಟಿ ಘನ ಮೀಟರಿಗೂ ಹೆಚ್ಚು ನೀರು ಸಾಗಿಸುವ ಸಾಮರ್ಥ್ಯ. ಮುಗಿಯುವ ಗುರಿ 2033. ನೂರು ವರ್ಷದ ಅಗತ್ಯವನ್ನು ಲೆಕ್ಕದಲ್ಲಿಟ್ಟಿರುವುದಾಗಿ ಪ್ರಕಟಣೆ ಹೇಳಿತು. ಇದು ವಿಶ್ವೇಶ್ವರಯ್ಯನವರು ಮೆಚ್ಚುವಂಥ ಮಾತು. ಸುರಂಗದ ಪರೀಕ್ಷೆ ಮಾತ್ರ ಯಾವ ವರ್ಷ ಬರುವುದೋ ತಿಳಿಯದು. ಐದಾರು ವರ್ಷ ಒಣಗಿದ ಮೋರಿಯ ಬಾಯಲ್ಲಿ ಮರಳು ತುಂಬದಂತೆ ನೋಡಿಕೊಳ್ಳುವುದು ಸುರಂಗ ಕೊರೆಯುವುದಕ್ಕಿಂತ ಬೇಸರದ ಕೆಲಸ.

ಆ ಪರಿಹಾರದ ಹಣ ನಾಗರಿಕರ ಮನೆಗಳಿಗೆ. ನಾವು ಬಾಡಿಗೆದಾರರು; ಇಲ್ಲಿ ಮತವಿಲ್ಲ, ಮೋರಿಯ ನಕ್ಷೆಯ ಮೇಲೆ ನಮ್ಮ ಸಹಿ ಬೇಕಾಗಿಲ್ಲ. ಕಾರಿಗೆ ‘ಥರ್ಡ್ ಪಾರ್ಟಿ’ ವಿಮೆ ಮಾತ್ರ ಇದ್ದವರಿಗೆ ನೀರಿನಲ್ಲಿ ಮುಳುಗಿದ ಕಾರಿನ ನಷ್ಟ ಸಿಗದೆಂದು ಅನೇಕರಿಗೆ ತಿಳಿದದ್ದು ಏಪ್ರಿಲ್ 17ರಂದು. ಈ ನಗರಗಳಿಗೆ ಇನ್ನೊಂದು ವಿಶೇಷ ದೌರ್ಬಲ್ಯವಿದೆ. ಇಲ್ಲಿಯ ಜನಸಂಖ್ಯೆಯ ಬಹುಪಾಲು ನಮ್ಮಂತೆ ಬಂದು ಹೋಗುವವರು. ಬಂಟ್ವಾಳದ ಗೋಡೆಯನ್ನು ತೋರಿಸುವ ಬೆರಳು ಇಲ್ಲಿಲ್ಲ. 2024ರಲ್ಲಿ ನೆಲಮಾಳಿಗೆಯ ಕಂಬದ ಮೇಲೆ ನೀರು ಬರೆದುಹೋದ ಗೆರೆಯ ಮೇಲೆ ಬಣ್ಣ ಬಳಿದಾಗಿದೆ. ಆ ದಿನ ಆ ಕಟ್ಟಡದಲ್ಲಿದ್ದವರಲ್ಲಿ ಹಲವರು ಮನೆ ಬದಲಿಸಿದ್ದಾರೆ, ಕೆಲವರು ದೇಶವನ್ನೇ ಬಿಟ್ಟಿದ್ದಾರೆ. ಹೈದರಾಬಾದು ಮರೆಯಲು ಎರಡು ತಲೆಮಾರು ತೆಗೆದುಕೊಂಡಿತು. ಇಲ್ಲಿ ಎರಡು ಬಾಡಿಗೆ ಕರಾರುಗಳು ಸಾಕು.

ಬಹುಮಹಡಿ ಕಟ್ಟಡದಲ್ಲಿ ನೆರೆ ಬೇರೆಯೇ ರೂಪದಲ್ಲಿ ಬರುತ್ತದೆ. ಹದಿನೆಂಟನೆಯ ಮಹಡಿಗೆ ನೀರು ಏರುವುದಿಲ್ಲ. ವಿದ್ಯುತ್ ಫಲಕ, ಲಿಫ್ಟಿನ ಯಂತ್ರ, ಕುಡಿಯುವ ನೀರಿನ ತೊಟ್ಟಿ, ಪಂಪು ಇವು ಬಹಳ ಕಟ್ಟಡಗಳಲ್ಲಿ ನೆಲಮಟ್ಟದಲ್ಲಿ ಇಲ್ಲವೇ ಅದರ ಕೆಳಗೆ ಇರುತ್ತವೆ. ಅವು ಮುಳುಗಿದ ಕ್ಷಣ, ಭೇಟಿ ವೀಸಾದ ಮೇಲೆ ಮೊಮ್ಮಗುವನ್ನು ನೋಡಲು ಬಂದ ಮಂಡಿನೋವಿನ ಅಜ್ಜಿ ಹದಿನೆಂಟನೆಯ ಮಹಡಿಯಲ್ಲಿ ಬಂದಿಯಾಗುತ್ತಾರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಾದವರಿಗೆ ಎರಡು ಸರದಿ ತಪ್ಪಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಇನ್ಸುಲಿನ್ ಬಗ್ಗೆ ಇರುವ ಭಯ ಅದಕ್ಕಿಂತ ಸಣ್ಣದು. ಸಾಮಾನ್ಯ ಬಗೆಯ ಇನ್ಸುಲಿನ್ 30 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಸುಮಾರು ನಾಲ್ಕು ವಾರ ಕೆಡದು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಪಾತ್ರೆಯೂ ನೆರವಿಗೆ ಬರುತ್ತದೆ. ನೀರು ಇಳಿದ ಮೇಲೆ ತೊಟ್ಟಿಯನ್ನು ಶುಚಿಗೊಳಿಸಿ ಪರೀಕ್ಷಿಸುವವರೆಗೆ ನಲ್ಲಿಯ ನೀರನ್ನು ಬಾಯಿ ಮುಕ್ಕಳಿಸಲೂ ಬಳಸಬಾರದು. ಕಾಲಿನಲ್ಲಿ ಗಾಯವಿದ್ದು ಕೊಳಚೆ ನೀರಿನಲ್ಲಿ ನಡೆದವರಿಗೆ ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ತೀವ್ರ ನೋವು ಬಂದರೆ ಇಲಿಜ್ವರದ ಅನುಮಾನವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಇಲ್ಲಿಯ ವೈದ್ಯರಿಗೆ ಅದು ಸಹಜವಾಗಿ ಹೊಳೆಯದೆ ಹೋಗಬಹುದು. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಎಂ.ಬಿ.ಬಿ.ಎಸ್. ಓದುವಾಗ ಪಾರ್ಕ್ ಅವರ ಪಠ್ಯದಲ್ಲಿ ಇವೆಲ್ಲವನ್ನೂ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದು, ಮರುದಿನ ಮರೆತಿದ್ದೆವು. ದೂರದ ದೇಶದಲ್ಲಿ ರೆಸಿಡೆನ್ಸಿ ಮಾಡುವಾಗ ಅವು ಮತ್ತೆ ಕೆಲಸಕ್ಕೆ ಬಂದವು.

ಕನ್ನಡದಲ್ಲಿ ನೆರೆ ಎಂದರೆ ಉಕ್ಕಿ ಬರುವ ನೀರೂ ಹೌದು, ಪಕ್ಕದ ಮನೆಯೂ ಹೌದು. ಏಪ್ರಿಲ್ 2024ರಲ್ಲಿ ಮೊದಲ ಎರಡು ದಿನ ಕಟ್ಟಡಗಳೊಳಗೆ ಅನ್ನ, ನೀರು, ಔಷಧಗಳನ್ನು ಮೆಟ್ಟಿಲಿನ ಮೇಲೆ ಹೊತ್ತು ತಂದವರು ಈ ಎರಡನೆಯ ಅರ್ಥದ ನೆರೆಯವರು; ಮಲಯಾಳಿಗಳು, ಪಾಕಿಸ್ತಾನಿಗಳು, ಫಿಲಿಪ್ಪೀನಿನವರು, ನಮ್ಮವರು. ಯಾವ ಮನೆಯಲ್ಲಿ ಇಳಿಯಲಾರದ ರೋಗಿಯಿದ್ದಾರೆಂಬುದು ಹೊತ್ತು ತಂದವರಿಗೆ ತಿಳಿದಿರಲಿಲ್ಲ. ಒಂದೊಂದೇ ಬಾಗಿಲು ತಟ್ಟುತ್ತ ಹೋಗಬೇಕಾಯಿತು.

ಇಲ್ಲಿ ಅನುಮತಿಯಿಲ್ಲದೆ ಚಂದಾ ಎತ್ತುವಂತಿಲ್ಲ. ಆದ್ದರಿಂದ ನೆರೆನಿಧಿಯ ಮಾತನ್ನು ನಾವು ಆಡುವುದಿಲ್ಲ. ಹಣ ಬೇಡದ ಕೆಲಸವೊಂದಿದೆ. ರಕ್ತದಾನ ಶಿಬಿರಗಳ ಅನುಕೂಲಕ್ಕಾಗಿ ಸಂಘದ ಸದಸ್ಯತ್ವದ ಅರ್ಜಿಯಲ್ಲಿ ರಕ್ತದ ಗುಂಪಿನ ಅಂಕಣವಿದೆ. ಅದರ ಪಕ್ಕದಲ್ಲಿ ಮೂರು ಅಂಕಣಗಳನ್ನು ಸೇರಿಸಬಹುದು: ಕಟ್ಟಡ ಮತ್ತು ಮಹಡಿ, ಲಿಫ್ಟ್ ನಿಂತರೆ ತಾವಾಗಿ ಇಳಿಯಲಾರದವರು ಮನೆಯಲ್ಲಿ ಎಷ್ಟು ಮಂದಿ, 2024ರಲ್ಲಿ ಆ ಕಟ್ಟಡದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು. ಕೊನೆಯದನ್ನು ಬಲ್ಲವರು ಊರಿಗೆ ಮರಳುವ ಮುನ್ನ ಬರೆಸಿಕೊಳ್ಳುವುದು ಲೇಸು. ಮಾಹಿತಿಯನ್ನು ಕಾರ್ಯದರ್ಶಿಗಳ ಬಳಿ ಮಾತ್ರ ಇಟ್ಟು, ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ, ಮಳೆಯ ತಿಂಗಳುಗಳು ಬರುವ ಮೊದಲು, ದೂರವಾಣಿಯಲ್ಲಿ ವಿಚಾರಿಸಿ ತಿದ್ದಿಕೊಳ್ಳಬಹುದು. ಅರ್ಜಿಯ ಮಾದರಿಯೊಂದನ್ನು ನಾವು ಬರೆದು ತಂದಿದ್ದೇವೆ. ಬಾಗಿಲ ಬಳಿಯ ಮೇಜಿನ ಮೇಲಿದೆ. ತಿದ್ದುಪಡಿ ಸೂಚಿಸುವವರು ಅದರ ಮೇಲೆಯೇ ಬರೆಯಬಹುದು.